ಹತ್ತನೆಯವರನ್ನು ಹುಡುಕುವ ಕೆಲಸ

ಠಾಣೆಯ ನಮ್ಮ ಬೆನೆ ಇಸ್ರೇಲ್ ಯಹೂದಿ ಸಮುದಾಯದ ಹದಿಹರೆಯದ ಮಕ್ಕಳನ್ನು ಸಮುದಾಯದ ಕೆಲಸಕ್ಕೆ ತಯಾರು ಮಾಡುವ ಹೊಣೆ ಬಹಳ ವರ್ಷಗಳಿಂದ ನನ್ನ ಮೇಲಿದೆ. ನಾನು ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಅಲ್ಲಿನ ಗೆಳತಿಯರು ಈಗಲೂ ಕೇಳುತ್ತಾರೆ: "ನಿಮ್ಮಲ್ಲೂ ಪುರೋಹಿತರು ಇರ್ತಾರಲ್ವಾ? ಮಕ್ಕಳಿಗ್ಯಾಕೆ ಟ್ರೈನಿಂಗು?"

ನಮ್ಮ ಕಡೆ ರಬ್ಬಿಗಳೇ, ಅಂದರೆ ಯಹೂದಿ ಧರ್ಮಗುರುಗಳೇ, ಇರಲಿಲ್ಲ. ಇದ್ದ ಜನರಲ್ಲೇ ಯಾರೋ ಕಲಿತು ನಡೆಸಬೇಕು. ಕೊಂಕಣದ ನವಗಾಂವ್ ಬಳಿ ಹಡಗು ಒಡೆದು, ಬದುಕುಳಿದ ಏಳು ಜೋಡಿಗಳ ಸಂತಾನ ನಾವು ಅನ್ನುವುದು ಹಿರಿಯರಿಂದ ಬಂದ ಮಾತು. ಎಣ್ಣೆ ಗಾಣ ನಡೆಸುತ್ತಿದ್ದರು, ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಊರವರು 'ಶನಿವಾರ್ ತೇಲಿ', ಅಂದರೆ ಶನಿವಾರದ ಗಾಣಿಗರು, ಅಂತ ಕರೆದರು. ಆಮೇಲೆ ಡೇವಿಡ್ ರಹಾಬಿ ಅನ್ನುವವನು ಬಂದ. ಹೆಂಗಸರ ಕೈಗೆ ಮೀನು ಕೊಟ್ಟು ನೋಡಿದ. ಯಹೂದಿಗಳು ತಿನ್ನಬಹುದಾದ, ರೆಕ್ಕೆ, ಹುರುಪೆ ಎರಡೂ ಇದ್ದ ಮೀನನ್ನಷ್ಟೇ ಅವರು ಆರಿಸಿಕೊಂಡರಂತೆ. ಇವರು ಯಹೂದಿಗಳೇ ಅಂತ ಅವನಿಗೆ ಖಾತ್ರಿಯಾಯಿತು. ಮೂರು ಜನರನ್ನು ಆರಿಸಿ ಪ್ರಾರ್ಥನೆ, ಹೀಬ್ರೂ ಕಲಿಸಿದ. ಅವರೇ 'ಕಾಜಿ'ಗಳಾಗಿ ಊರೂರು ತಿರುಗಿ ಮದುವೆ, ಸುನ್ನತಿ, ವ್ಯಾಜ್ಯ ಎಲ್ಲ ನೋಡಿಕೊಂಡರು. ನನ್ನ ಲೆಕ್ಕದಲ್ಲಿ ನಮ್ಮ ಮೊದಲ ಲೀಡರ್‌ಶಿಪ್ ಕೋರ್ಸ್ ಅದೇ.

ಈಗಿನ ಕಷ್ಟ ಬೇರೆ. 1950ರ ಸುಮಾರಿಗೆ ಭಾರತದಲ್ಲಿ ಬೆನೆ ಇಸ್ರೇಲಿಗಳು 20 ಸಾವಿರದಷ್ಟು ಇದ್ದರು. ಈಗ ನಾಲ್ಕೈದು ಸಾವಿರ, ಜಾಸ್ತಿ ಜನ ಮುಂಬೈ-ಠಾಣೆ ಸುತ್ತಮುತ್ತ. ಉಳಿದವರು ಇಸ್ರೇಲಿಗೆ ಹೋದರು, ಇನ್ನೂ ಹೋಗುತ್ತಿದ್ದಾರೆ. ನಾನು ತಯಾರು ಮಾಡಿದ ಚುರುಕು ಮಕ್ಕಳೇ ಮೊದಲು ಹೋಗುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಹಿರಿಯರು ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೋಗುತ್ತಾರೆ ಅಂತ ಗೊತ್ತಿದ್ದ ಮೇಲೆ ಅದನ್ನು ಹಿಡಿದೇ ಕಲಿಸಬೇಕು. ಹಾಗಾಗಿ ನನ್ನದು ಒಂದೇ ನಿಯಮ: ಯಾವ ಕೆಲಸವಾದರೂ ಇಬ್ಬರಿಗೆ. ಒಬ್ಬರು ದೊಡ್ಡವರು, ಇನ್ನೊಬ್ಬರು ಎರಡು ಮೂರು ವರ್ಷ ಚಿಕ್ಕವರು. ಚಿಕ್ಕವರು ಒಂದು ಸಲ ಒಬ್ಬರೇ ನಡೆಸಿ ತೋರಿಸಿದ ಮೇಲೇ ದೊಡ್ಡವರಿಗೆ ಹೊಸ ಕೆಲಸ. ಭಾಷಣ ಮಾಡುವುದನ್ನು ನಾನು ಕಲಿಸುವುದಿಲ್ಲ. ಅದು ಅವರಿಗೆ ಕಾಲೇಜಿನಲ್ಲೇ ಬಂದಿರುತ್ತದೆ.

ಶುರು ಮಾಡಿಸುವುದು ಫೋನ್ ಪಟ್ಟಿಯಿಂದ. ತೀರಿಕೊಂಡ ತಂದೆತಾಯಿಯ ವರ್ಷದ ದಿನ ಮಗ ಕದ್ದೀಶ್ ಪ್ರಾರ್ಥನೆ ಹೇಳಬೇಕು. ಅದಕ್ಕೆ 13 ದಾಟಿದ ಹತ್ತು ಗಂಡಸರು ಸಿನಗಾಗ್‌ನಲ್ಲಿ, ಅಂದರೆ ನಮ್ಮ ಪ್ರಾರ್ಥನಾ ಮಂದಿರದಲ್ಲಿ, ಇರಬೇಕು. ವಾರದ ನಡುವೆ, ಆಫೀಸಿನ ದಿನ, ಹತ್ತು ಜನರನ್ನು ಸೇರಿಸುವುದು ಸುಮ್ನೆ ಮಾತಲ್ಲ. ಗ್ರೂಪಿನಲ್ಲಿ ಮೆಸೇಜ್ ಹಾಕಿದರೆ ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ, ಬರುವವರು ಮೂವರು. ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಯಾರಿಗೆ ನೈಟ್ ಶಿಫ್ಟ್, ಯಾರಿಗೆ ಮಂಡಿ ನೋವು, ಯಾರನ್ನು ಸ್ಕೂಟರಿನಲ್ಲಿ ಕರೆದುಕೊಂಡು ಬರಬೇಕು, ಯಾರ ಮುಂದೆ ಯಾರ ಹೆಸರು ಎತ್ತಬಾರದು, ಎಲ್ಲ ಈ ಪಟ್ಟಿಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತದೆ. ಆರು ತಿಂಗಳು ಈ ಕೆಲಸ ಮಾಡಿದ ಹುಡುಗನಿಗೆ ಸಮುದಾಯದ ನಾಡಿ ಸಿಕ್ಕಿರುತ್ತದೆ.

ಪಟ್ಟಿಯನ್ನು ತುಂಬಾ ಚೆನ್ನಾಗಿ ನಡೆಸಿದ್ದು ಒಬ್ಬಳು ಹುಡುಗಿ. ಒಂದು ಸಂಜೆ ಒಂಬತ್ತು ಜನ ಬಂದು ಕೂತಿದ್ದರು, ಹತ್ತನೆಯವರು ಲೋಕಲ್ ರೈಲಿನಲ್ಲಿ ಸಿಕ್ಕಿಕೊಂಡಿದ್ದರು. ಅವಳು ಬಾಗಿಲಲ್ಲಿ ನಿಂತು ಕೇಳಿದಳು: "ಆಂಟಿ, ನಾನಿಲ್ಲೇ ಇದ್ದೀನಲ್ಲ, ನನ್ನನ್ನ ಯಾಕೆ ಎಣಿಸಲ್ಲ?" ಇಲ್ಲಿ ಸಾಂಪ್ರದಾಯಿಕ ಪದ್ಧತಿ, ಹೆಂಗಸರನ್ನು ಎಣಿಸುವುದಿಲ್ಲ ಅಂತ ಹೇಳಿದೆ. ಎಣಿಸಬೇಕು ಅಂತ ನನಗೂ ಅನ್ನಿಸುತ್ತದೆ ಅನ್ನುವುದನ್ನೂ ಹೇಳಿದೆ. ಮಕ್ಕಳ ಮುಂದೆ ಒಗ್ಗಟ್ಟಿನ ನಾಟಕ ಆಡುವುದು ನನಗೆ ಆಗುವುದಿಲ್ಲ. ಅವಳು ಅದೇ ಪ್ರಶ್ನೆಯನ್ನು ಹಿರಿಯರ ಸಭೆಯಲ್ಲಿ ಕೇಳಿದಳು. ಉತ್ತರ ಬದಲಾಗಲಿಲ್ಲ. ಆದರೆ ಸಭೆಗೆ ಒಬ್ಬಳು ಹುಡುಗಿಯೂ ಬರಲಿ ಅಂತ ಆಯಿತು.

ಎರಡನೆಯ ಕೆಲಸ ಮಲಿದಾ. ಮದುವೆ, ಹೊಸ ಮನೆ, ಕಾಯಿಲೆ ವಾಸಿಯಾದದ್ದು, ಏನೇ ಇರಲಿ, ಪ್ರವಾದಿ ಎಲಿಯಾಹುವನ್ನು ನೆನೆದು ಮಾಡುವ ಈ ಕೃತಜ್ಞತೆಯ ಪೂಜೆ ನಮ್ಮವರದ್ದೇ. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಬೆರೆಸಿ ತಟ್ಟೆಯಲ್ಲಿ ಗುಡ್ಡೆ ಮಾಡಿ, ಸುತ್ತ ಹಣ್ಣು ಜೋಡಿಸುತ್ತೇವೆ. ಮಕ್ಕಳು ಎಡವುವುದು ಹಣ್ಣಿನಲ್ಲಿ. ಮರದ ಹಣ್ಣಿಗೆ ಒಂದು ಸ್ತುತಿ, ನೆಲದ ಬೆಳೆಗೆ ಇನ್ನೊಂದು. ಬಾಳೆಹಣ್ಣು ನೆಲದ್ದು ಅಂದರೆ ಯಾರೂ ಒಪ್ಪುವುದಿಲ್ಲ, ಪ್ರತಿ ವರ್ಷ ಜಗಳ. ಗೊನೆ ಕಡಿದ ಮೇಲೆ ಆ ಗಿಡ ಇನ್ನೊಂದು ಸಲ ಫಲ ಕೊಡುತ್ತದಾ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಜಗಳ ಆಡಿ ಕಲಿತದ್ದು ಮರೆಯುವುದಿಲ್ಲ. ಇವರೇ ಮುಂದೆ ಯಾರದೋ ಮನೆಯಲ್ಲಿ ಹತ್ತಾರು ಹಿರಿಯರ ಮುಂದೆ ಕೂತು ನಡೆಸಬೇಕಲ್ಲ. ಶುಕ್ರವಾರ ಸಂಜೆಯ ಕಿದ್ದುಶ್‌ಗೆ, ಅಂದರೆ ವೈನ್ ಬಟ್ಟಲು ಹಿಡಿದು ಹೇಳುವ ಸ್ತುತಿಗೆ, ವೈನ್ ಬದಲು ಕಪ್ಪು ದ್ರಾಕ್ಷಿಯ ಶರಬತ್ತು ಮಾಡುವುದನ್ನೂ ಇವರೇ ನೋಡಿಕೊಳ್ಳುತ್ತಾರೆ.

ವರ್ಷಕ್ಕೊಮ್ಮೆ ಎಲ್ಲರನ್ನೂ ಮುಂಬೈನ ಸ್ಯಾಮ್ಯುಯೆಲ್ ಸ್ಟ್ರೀಟಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿರುವ ಶಾರ್ ಹಾರಹಮಿಮ್ 1796ರಲ್ಲಿ ಶುರುವಾದ ಸಿನಗಾಗ್, ನಮ್ಮವರು ಕಟ್ಟಿದ ಮೊದಲನೆಯದು. ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಟಿಪ್ಪುವಿನ ಕೈಗೆ ಸೆರೆ ಸಿಕ್ಕಿದ್ದ. ಕುರಾನಿನಲ್ಲಿ ಬರುವ ಬನಿ ಇಸ್ರೇಲ್ ಜನ ಅಂತ ತಿಳಿದು ಟಿಪ್ಪುವಿನ ತಾಯಿ ಬಿಡಿಸಿದಳು ಅನ್ನುವುದು ನಮ್ಮ ಅಜ್ಜಿಯಂದಿರ ಕಥೆ. ಜೀವ ಉಳಿದ ಹರಕೆಗೆ ಸಿನಗಾಗ್ ಕಟ್ಟಿದನಂತೆ. ಹುಬ್ಬಳ್ಳಿಯವಳಾದ ನನಗೆ ಇದನ್ನು ಹೇಳುವಾಗ ಸ್ವಲ್ಪ ಜಂಬ. ನೋಡಲು ಬಂದವರಿಗೆ ಈ ಕಥೆಯನ್ನು ಮಕ್ಕಳೇ ಹೇಳಬೇಕು, ಇತಿಹಾಸ ಎಲ್ಲಿ ಮುಗಿದು ನಂಬಿಕೆ ಎಲ್ಲಿ ಶುರುವಾಗುತ್ತದೆ ಅಂತ ಬೇರೆ ಮಾಡಿ ಹೇಳಬೇಕು.

ಲೆಕ್ಕಪತ್ರ ಕೊನೆಗೆ. ಸಿನಗಾಗ್‌ನ ಹಣಕಾಸು ನೋಡಿಕೊಳ್ಳುವ ಗಬ್ಬಾಯಿ ಪಕ್ಕ ಕೂತು ರಸೀದಿ ಬರೆಯುತ್ತಾರೆ, ಅಷ್ಟೇ.

ಗಟ್ಟಿ ಕೆಲಸ ಅಂದರೆ ಸಾವಿನ ಮನೆಯದು. ಶವಕ್ಕೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಹೊದಿಸಿ ಮಣ್ಣು ಮಾಡಬೇಕು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರೇ ಮಾಡಬೇಕು. ಇದು ಗೊತ್ತಿರುವ ಹೆಂಗಸರು ನಮ್ಮಲ್ಲಿ ಈಗ ಬೆರಳೆಣಿಕೆ, ಎಲ್ಲರಿಗೂ ವಯಸ್ಸಾಗಿದೆ. 18 ತುಂಬದವರನ್ನು ನಾನು ಕರೆಯುವುದಿಲ್ಲ, ಮನೆಯವರು ಒಪ್ಪದಿದ್ದರೂ ಕರೆಯುವುದಿಲ್ಲ. ಮೊದಲು ಬಟ್ಟೆ ಹೊಲಿಯುವುದು, ಪ್ರಾರ್ಥನೆ ಓದುವುದು, ಆಮೇಲೆ ನೀರು ತಂದುಕೊಡುವುದು. ಮುಟ್ಟುವ ಕೆಲಸ ಅವರಾಗಿಯೇ ಕೇಳಿದಾಗ. ಹುಡುಗಿಯರು ಬರುತ್ತೇವೆ ಅನ್ನುತ್ತಾರೆ, ಬೇಡ ಅನ್ನುವವರು ಅಮ್ಮಂದಿರು. ಮನೆಮನೆಗೆ ಹೋಗಿ ಕೂತು ಮಾತಾಡಿದ್ದೇನೆ. ಸದ್ಯಕ್ಕೆ ಇಬ್ಬರು ಅಮ್ಮಂದಿರು ಒಪ್ಪಿದ್ದಾರೆ, ತಾವೂ ಜೊತೆಗೆ ಕಲಿಯುತ್ತೇವೆ ಅನ್ನುವ ಷರತ್ತಿನ ಮೇಲೆ.