ಹಳೇ ಮನೆ, ಲೆಡ್ ಪೇಂಟ್, ಸರ್ಕಾರಿ ಸಹಾಯ: ಮ್ಯಾಸಚೂಸೆಟ್ಸ್‌ಗೆ ಹೊಸದಾಗಿ ಬಂದವರಿಗೆ

ವೂಸ್ಟರ್, ಲೋವೆಲ್, ಬಾಸ್ಟನ್ ಕಡೆ ನಮ್ಮವರಿಗೆ ಸಿಗುವ ಮನೆಗಳಲ್ಲಿ ಬಹಳಷ್ಟು ತುಂಬಾ ಹಳೆಯವು. ಮನೆಗಳಿಗೆ ಸೀಸದ ಬಣ್ಣ (ಲೆಡ್ ಪೇಂಟ್) ಬಳಿಯುವುದು ಅಮೆರಿಕದಲ್ಲಿ ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ, ಪರೀಕ್ಷೆ ಆಗುವ ತನಕ ಸೀಸ ಇದೆ ಅಂತಲೇ ತಿಳಿಯಿರಿ.

ಗೃಹಪ್ರವೇಶ ಹತ್ತಿರ ಬಂತು ಅಂತ ಉಜ್ಜುಕಾಗದ ಹಿಡಿದು ನೀವೇ ಕಿಟಕಿ ಉಜ್ಜಬೇಡಿ. ನಾವು ಉಜ್ಜಿದೆವು. ಇಲ್ಲಿನ ಹಳೇ ಕಿಟಕಿ ಮೇಲೆ ಕೆಳಗೆ ಜಾರುವಂಥದ್ದು. ಜಾರಿಸಿದಾಗಲೆಲ್ಲ ಬಣ್ಣ ಸವೆದು ದಂಡೆಯ ಮೇಲೆ ಹಿಟ್ಟಿನಂಥ ಧೂಳು ಕೂರುತ್ತದೆ. ನಾವು ಉಜ್ಜಿ ಇನ್ನಷ್ಟು ಎಬ್ಬಿಸಿದೆವು. ಮಗಳು ಅದೇ ದಂಡೆ ಹಿಡಿದು ನಿಲ್ಲಲು ಕಲಿತಳು, ಬೆರಳು ಬಾಯಿಗಿಟ್ಟಳು. ವರ್ಷ ತುಂಬಿದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸೀಸ 8 (ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮೈಕ್ರೋಗ್ರಾಂ) ಬಂತು. 3.5 ಮುಟ್ಟಿದರೇ ಗಮನ ಕೊಡಬೇಕು ಅನ್ನುತ್ತದೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ.

ಸೀಸ ತೆಗೆಸುವ ಕೆಲಸಕ್ಕೆ (ಡೀಲೆಡಿಂಗ್) ಸ್ವಂತ ಮನೆಯವರಿಗೆ ಹಣದ ದಾರಿ ಎರಡು. ಮ್ಯಾಸ್‌ಹೌಸಿಂಗ್‌ನ (ರಾಜ್ಯದ ವಸತಿ ಸಾಲ ಸಂಸ್ಥೆ) 'ಗೆಟ್ ದ ಲೆಡ್ ಔಟ್' ಸಾಲ: ಆ ಮನೆಯಲ್ಲೇ ವಾಸವಿದ್ದು ಆದಾಯ ಮಿತಿಯೊಳಗಿದ್ದರೆ ಬಡ್ಡಿಯಿಲ್ಲ, ತಿಂಗಳ ಕಂತಿಲ್ಲ; ಮನೆ ಮಾರುವಾಗಲೋ ರೀಫೈನಾನ್ಸ್ ಮಾಡುವಾಗಲೋ ತೀರಿಸಿದರಾಯಿತು. ಸಾಲ ಅಂದ ಕೂಡಲೇ ಬೇಡ ಅನ್ನುತ್ತೀರಿ, ದಯವಿಟ್ಟು ಹಾಗೆ ಮಾಡಬೇಡಿ. ಇಬ್ಬರೂ ಐಟಿಯಲ್ಲಿದ್ದು ಮಿತಿ ದಾಟಿದರೆ ರಾಜ್ಯದ ಟ್ಯಾಕ್ಸ್ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲೇ ಕಡಿತ) ಇದೆ: ಪೂರ್ತಿ ಕೆಲಸಕ್ಕೆ ಒಂದು ಮನೆಗೆ 3,000 ಡಾಲರ್‌ವರೆಗೆ, ತಾತ್ಕಾಲಿಕ ಕ್ರಮಕ್ಕೆ 1,000 ಡಾಲರ್‌ವರೆಗೆ.

ಆದರೆ ಕ್ರಮ ತಪ್ಪಬಾರದು. ಮೊದಲು ಲೈಸೆನ್ಸ್ ಇರುವ ಇನ್‌ಸ್ಪೆಕ್ಟರ್, ಸಾಲ ಬೇಕಿದ್ದರೆ ಆಮೇಲೆ ಅರ್ಜಿ, ಅದು ಮಂಜೂರಾದ ಮೇಲೆಯೇ ಲೈಸೆನ್ಸ್ ಇರುವ ಡೀಲೆಡರ್ (ಸೀಸ ತೆಗೆಯುವವರು) ಕೈಯಲ್ಲಿ ಕೆಲಸ, ಕೊನೆಗೆ ಮತ್ತೆ ತಪಾಸಣೆ, ಕೆಲಸ ಕಾನೂನಿನ ಪ್ರಕಾರ ಆಗಿದೆ ಅನ್ನುವ ಕಂಪ್ಲಯನ್ಸ್ ಪತ್ರ. ನಾವೇ ಉಜ್ಜಿದ ಕಿಟಕಿಗಳಿಗೆ ಆ ಪತ್ರ ಸಿಗಲಿಲ್ಲ, ಕಾಸೂ ಸಿಗಲಿಲ್ಲ.

ಬಾಡಿಗೆಯವರಿಗೆ:
- 6 ವರ್ಷದೊಳಗಿನ ಮಗು ಇದ್ದರೆ ಸೀಸದ ಅಪಾಯ ನಿವಾರಿಸುವ ಖರ್ಚು, ಹೊಣೆ ಎರಡೂ ಮಾಲೀಕರದು.
- ಬರವಣಿಗೆಯಲ್ಲೇ ಕೇಳಿ.
- ಮಗು ಇದೆ ಅಂತ ಮನೆ ಕೊಡದಿರುವುದು, ಬಿಡಿಸುವುದು ಕಾನೂನುಬಾಹಿರ. ಓನರ್ ಬೇಜಾರು ಮಾಡ್ಕೋತಾರೆ ಅಂತ ಬಾಯಿ ಮುಚ್ಚಿಕೊಂಡು ಕೂರಬೇಡಿ.

ಊರಿಂದ ತಂದ ಅರಿಶಿನ, ಕುಂಕುಮ, ಕಾಡಿಗೆ ಬಗ್ಗೆಯೂ ಮಗುವಿನ ಡಾಕ್ಟರಿಗೆ ಹೇಳಿ. ಅವುಗಳಲ್ಲೂ ಸೀಸ ಸಿಕ್ಕಿದ್ದುಂಟು.

ಅರ್ಜಿ ತುಂಬಲು ಭಾನುವಾರದ ಕನ್ನಡ ತರಗತಿ ಮುಗಿದ ಮೇಲೆ ಬನ್ನಿ. ತಪಾಸಣಾ ವರದಿ, ಟ್ಯಾಕ್ಸ್ ರಿಟರ್ನ್ ತನ್ನಿ. ಡೀಲೆಡಿಂಗ್ ನಡೆಯುವಾಗ ಮಕ್ಕಳನ್ನು ಕರೆದುಕೊಂಡು ಬೇರೆಡೆ ಇರಬೇಕಾಗುತ್ತದೆ. ಹೋಟೆಲ್ ಹುಡುಕಬೇಡಿ, ನಮ್ಮ ಕೂಟದವರ ಮನೆಗಳಿವೆ.