ಹೂವೇನೋ ಬಿಟ್ಟಿತು, ಕಾಯಿ ಮಾತ್ರ ಇಲ್ಲ: ನನ್ನ ಮಡಹಾಗಲ ಬಳ್ಳಿಯ ಕಥೆ

ಮಳೆಗಾಲದಲ್ಲಿ ಶಿರಸಿ ಸಂತೆಗೆ ಮಡಹಾಗಲ (ಮೆತ್ತನೆ ಮುಳ್ಳಿನ ಪುಟ್ಟ ಕಾಡು ಹಾಗಲ) ಬಂದರೆ ಅರ್ಧ ಜನ ರೇಟು ಕೇಳಿಯೇ ಮುಂದೆ ಹೋಗುತ್ತಾರೆ. ನಾನೂ ಹಾಗೇ ಹೋದವನು. ಬೇಲಿ ಮೇಲೆ ತಾನಾಗಿ ಹಬ್ಬುವ ಬಳ್ಳಿಗೆ ಇಷ್ಟು ದುಡ್ಡಾ ಅಂತ ಮನೆಯಲ್ಲೇ ಹಣ್ಣಿನ ಬೀಜ ಹಾಕಿದೆ. ಒಂದೂ ಹುಟ್ಟಲಿಲ್ಲ.

ಮರುವರ್ಷ ಮೊದಲ ಮಳೆಗೆ ಬೆಟ್ಟದಲ್ಲಿ ಚಿಗುರಿದ್ದ ಮೂರು ಗಡ್ಡೆ ಅಗೆದು ತಂದು ನೆಟ್ಟೆ. ಚಪ್ಪರದ ತುಂಬ ಹಳದಿ ಹೂವು, ಕಾಯಿ ಮಾತ್ರ ಸೊನ್ನೆ. ಸಗಣಿ ಗೊಬ್ಬರ ಹಾಕಿದೆ, ಬೂದಿ ಹಾಕಿದೆ, ಇನ್ನೂ ಜಾಸ್ತಿ ಹೂವು ಬಿಟ್ಟಿತು! ಕೊನೆಗೆ ಸಂತೆಗೆ ಕಾಯಿ ತರುವ ಅಕ್ಕ ಒಬ್ಬರು ಬಂದು ನೋಡಿ ನಕ್ಕುಬಿಟ್ಟರು. "ತಮ್ಮಾ, ಮೂರೂ ಗಂಡು. ಇದಕ್ಕೆ ಏನು ಹಾಕಿದರೂ ಅಷ್ಟೇ."

ಸೌತೆ, ಕುಂಬಳದಲ್ಲಿ ಗಂಡು ಹೂವು, ಹೆಣ್ಣು ಹೂವು ಎರಡೂ ಒಂದೇ ಬಳ್ಳಿಯಲ್ಲಿ ಇರುತ್ತವೆ ಅಲ್ವಾ, ಮಡಹಾಗಲದಲ್ಲಿ ಬಳ್ಳಿಯೇ ಬೇರೆ ಬೇರೆ. ಹೂವು ಬರುವ ತನಕ ಯಾವುದು ಏನು ಅಂತ ಗೊತ್ತಾಗುವುದಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಮೆತ್ತನೆ ಮುಳ್ಳಿನ ಪುಟ್ಟ ಕಾಯಿ ಮೊದಲೇ ಕೂತಿರುತ್ತದೆ, ಗಂಡಿನದು ಬರೀ ತೊಟ್ಟು.

ಆ ಅಕ್ಕನೇ ತಮ್ಮ ಹಿತ್ತಲಿನ ಹೆಣ್ಣು ಬಳ್ಳಿಯ ಪಕ್ಕದ ಮರಿಗಡ್ಡೆ ಎರಡು ಕೊಟ್ಟರು. ಹೆಣ್ಣಿನ ಗಡ್ಡೆ ನೆಟ್ಟರೆ ಹೆಣ್ಣೇ ಬರುತ್ತದೆ. ಬೀಜಕ್ಕೆ ಆ ಗ್ಯಾರಂಟಿ ಇಲ್ಲ. ನನ್ನ ಮೂರು ಗಂಡಿನಲ್ಲಿ ಎರಡನ್ನು ಕಿತ್ತು ಒಂದು ಉಳಿಸಿಕೊಂಡೆ, ಎಂಟು ಹತ್ತು ಹೆಣ್ಣಿಗೆ ಒಂದು ಗಂಡು ಸಾಕು.

ಇದು ಅರಳುವುದು ಮುಸ್ಸಂಜೆಗೆ. ಹಾಗಾಗಿ ಗಂಡು ಹೂವಿನ ಪುಡಿಯನ್ನು ಕೈಯಾರೆ ಹೆಣ್ಣು ಹೂವಿಗೆ ಮುಟ್ಟಿಸಲು ಒಂದು ಕೈಯಲ್ಲಿ ಕೊಡೆ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಚಪ್ಪರದ ಅಡಿ ನಿಲ್ಲುತ್ತಿದ್ದೆ. ಗಂಡು ಹೂವು ಕೊಯ್ದು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಬೇಕು, ಅಷ್ಟೇ ಕೆಲಸ. ಮಳೆ ಹನಿ ಬಿದ್ದು ಪುಡಿ ಒದ್ದೆಯಾದರೆ ಆ ದಿನ ಸುಮ್ನೆ ಒಳಗೆ ಬರುವುದು. ಕಚ್ಚಿದ ಕಾಯಿ ಹಸಿರಾಗೇ ಉಳಿದು ಉಬ್ಬುತ್ತದೆ, ಕಚ್ಚದ್ದು ಹಳದಿಯಾಗಿ ಉದುರುತ್ತದೆ.

ಸುಮಾರು ಎರಡು ವಾರಕ್ಕೆ, ಬೀಜ ಗಟ್ಟಿಯಾಗುವ ಮೊದಲೇ ಕೊಯ್ದುಬಿಡಿ. ಮೊದಲ ಸಲ ಸಿಕ್ಕಿದ ಹನ್ನೊಂದು ಕಾಯಿಯನ್ನು ಬಿಲ್ಲೆ ಹೆಚ್ಚಿ, ಉಪ್ಪು ಖಾರ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹುರಿದೆವು. ಊಟಕ್ಕೆ ಕೂರುವ ಮೊದಲೇ ಖಾಲಿ.

ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗಿ ಮಾಯವಾಗುತ್ತದೆ, ಗಡ್ಡೆ ಮಣ್ಣಲ್ಲೇ ಮಲಗಿರುತ್ತದೆ. ಜಾಗ ಮರೆತರೆ ಗುದ್ದಲಿ ಏಟು ಬೀಳುವುದು ಅದಕ್ಕೇ. ಗುರುತಿಗೆ ಅಂತ ಗೂಟ ಹುಗಿದಿದ್ದೆ, ಮಗ ಕಿತ್ತು ಸ್ಟಂಪ್ ಮಾಡಿಕೊಂಡ. ಈಗ ದೊಡ್ಡ ಕಲ್ಲು ಇಟ್ಟಿದ್ದೇನೆ.