ಎರಡು ಮೋಲ್ಡ್ ದಾಟಿ ನೆಲಮಹಡಿಗೆ ಬಿಸಿಲು: ಬೆಳಕಿನ ಕೊಳವೆ ಕೂರಿಸಿದ ನನ್ನ ಅನುಭವ

ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಎರಡೂ ಪಕ್ಕದವರು ಗೋಡೆಗೆ ಗೋಡೆ ತಾಗಿಸಿ ಕಟ್ಟಿಬಿಟ್ಟರೆ ಬೆಂಗಳೂರಿನ ಮನೆಯ ನಡುಭಾಗ ಹೇಗಾಗುತ್ತದೆ ಎಂಬುದನ್ನು ಕಟ್ಟಡದ ಕಸುಬಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಮನೆಯ ನೆಲಮಹಡಿಯ ಊಟದ ಹಾಲ್ ಹತ್ತಡಿಗೆ ಹನ್ನೆರಡಡಿ. ಕಿಟಕಿಯಿಲ್ಲ, ಅಡುಗೆಮನೆಯ ಬಾಗಿಲಿನಿಂದ ಬಂದಷ್ಟೇ ಬೆಳಕು. ನಡುಮಧ್ಯಾಹ್ನವೂ ದೀಪ ಹಾಕದೆ ಅಲ್ಲಿ ಅಕ್ಕಿ ಆರಿಸಲಾಗುತ್ತಿರಲಿಲ್ಲ. ಟೆರೇಸಿನಿಂದ ಅದರ ಕೆಳಗಿನ ಮಹಡಿಗೆ ಬೆಳಕು ಇಳಿಸುವುದನ್ನು ಹಲವರು ಮಾಡಿದ್ದಾರೆ. ಆದರೆ ಎರಡು ಮೋಲ್ಡ್ (ಕಾಂಕ್ರೀಟ್ ಚಾವಣಿ) ದಾಟಿಸಿ, ಒಳಮೈ ಹೊಳೆಯುವ ಹನ್ನೆರಡು–ಹದಿಮೂರು ಅಡಿ ಉದ್ದದ ಕೊಳವೆಯ ಮೂಲಕ ನೆಲಮಹಡಿಗೆ ಬಿಸಿಲು ತರುತ್ತೇನೆ ಎಂದಾಗ ನನ್ನ ಜೊತೆ ಏಸಿ ಡಕ್ಟಿಂಗ್ (ಗಾಳಿ ಸಾಗಿಸುವ ತಗಡಿನ ಕೊಳವೆ) ಮಾಡುವ ಗೆಳೆಯರೇ ನಂಬಲಿಲ್ಲ. ‘ಅಷ್ಟುದ್ದದ ಡಕ್ಟಿನಲ್ಲಿ ಗಾಳಿ ಹೋಗಬೇಕಾದರೇ ಬ್ಲೋವರ್ ಬೇಕು, ಬೆಳಕನ್ನು ಯಾರು ತಳ್ಳುತ್ತಾರೆ’ ಎಂದರು. ಮೇಸ್ತ್ರಿಯವರು ‘ಮೋಲ್ಡ್ ಒಡೆದರೆ ಸೋರುವುದು ಗ್ಯಾರಂಟಿ ಸಾರ್’ ಎಂದು ಕೈ ತೊಳೆದುಕೊಂಡರು. ಕೊಳವೆ ಕೂತು ಎರಡು ಮಳೆಗಾಲ ಕಳೆದಿವೆ. ಒಂದು ಹನಿ ಸೋರಿಲ್ಲ. ಬಿಸಿಲಿರುವ ದಿನ ಬೆಳಗ್ಗೆ ಎಂಟರಿಂದ ಸಂಜೆ ಐದರ ಸುಮಾರಿನವರೆಗೆ ಆ ಹಾಲಿನ ಸ್ವಿಚ್ ಯಾರೂ ಮುಟ್ಟುವುದಿಲ್ಲ. ಹೇಗೆ ಮಾಡಿದೆ ಎಂದು ಆ ಗೆಳೆಯರೇ ಈಗ ಕೇಳುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ಮೊದಲ ಪ್ರಯತ್ನ ಅಗ್ಗದ್ದು. ಹನ್ನೆರಡು ಅಂಗುಲದ ಪಿವಿಸಿ ಪೈಪಿನೊಳಗೆ ಬೆಳ್ಳಿಬಣ್ಣದ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿ, ಟೆರೇಸಿನ ಮೇಲೆ ಕಟ್ಟಿದ ತಾತ್ಕಾಲಿಕ ಮರದ ಚೌಕಟ್ಟಿಗೆ ನಿಲ್ಲಿಸಿ ನೋಡಿದೆ. ಅಂಟಿಸಿದ ವಾರ ಚೆನ್ನಾಗಿತ್ತು. ಏಪ್ರಿಲ್ ಬಿಸಿಲಿಗೆ ಅಂಟು ಸಡಿಲವಾಗಿ ಫಿಲ್ಮ್ ಸುಕ್ಕುಗಟ್ಟಿತು, ಸುಕ್ಕು ಬಿದ್ದಲ್ಲೆಲ್ಲ ಬೆಳಕು ಕೆಳಗಿಳಿಯದೆ ಅಡ್ಡಕ್ಕೆ ಹಾರಿ ಅಲ್ಲೇ ಮುಗಿಯಿತು. ಪೈಪ್, ಫಿಲ್ಮ್, ಸ್ಪ್ರೇ ಅಂಟು ಎಲ್ಲ ಸೇರಿ ಆರು ಸಾವಿರದಷ್ಟು ಹೋಯಿತು.

ಎರಡನೆಯದು ಕನ್ನಡಿ ಪಾಲಿಶ್‌ನ ಸ್ಟೀಲ್ ಹಾಳೆ. ಮುಖ ನೋಡಿಕೊಳ್ಳುವಷ್ಟು ಹೊಳಪಿದೆ, ಇದಕ್ಕಿಂತ ಇನ್ನೇನು ಬೇಕು ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ಸುರುಳಿ ಮಾಡಿಸಿ ನಿಲ್ಲಿಸಿದಾಗ ಮಧ್ಯಾಹ್ನ ಹನ್ನೆರಡೂವರೆಗೆ ಪರವಾಗಿಲ್ಲ ಅನ್ನಿಸುವಷ್ಟು ಬೆಳಕು ಬಂತು. ಬೆಳಗ್ಗೆ ಒಂಬತ್ತಕ್ಕೆ ನೋಡಿದರೆ ಕೊಳವೆಯ ಬಾಯಲ್ಲಿ ಕಪ್ಪು. ಹದಿನಾಲ್ಕು ಸಾವಿರ ರೂಪಾಯಿ ತಿಂದ ಈ ಹಾಳೆಯಿಂದಲೇ ನನಗೆ ವಿಷಯದ ಬೇರು ಸಿಕ್ಕಿತು.

ಕೊಳವೆಯೊಳಗೆ ಬೆಳಕು ಎಷ್ಟು ಸಲ ಗೋಡೆಗೆ ಬಡಿಯುತ್ತದೆ ಎಂಬುದು ಕೊಳವೆಯ ಉದ್ದ, ವ್ಯಾಸ ಮತ್ತು ಸೂರ್ಯನ ಎತ್ತರವನ್ನು ಅವಲಂಬಿಸಿದೆ. ಹದಿನೈದು ಅಂಗುಲ ವ್ಯಾಸ, ಹದಿಮೂರು ಅಡಿ ಉದ್ದ ಎಂದಿಟ್ಟುಕೊಳ್ಳಿ. ಸೂರ್ಯ 75 ಡಿಗ್ರಿ ಮೇಲಿದ್ದಾಗ ಬೆಳಕು ಮೂರು ಸಲ ಬಡಿದು ಕೆಳಗೆ ಬರುತ್ತದೆ, 45 ಡಿಗ್ರಿಗೆ ಹತ್ತು ಸಲ, 30 ಡಿಗ್ರಿಗೆ ಸುಮಾರು ಹದಿನೆಂಟು ಸಲ. ಪ್ರತಿ ಸಲವೂ ಹಾಳೆ ತನ್ನ ಪಾಲು ನುಂಗುತ್ತದೆ. ಕಣ್ಣಿಗೆ ಕನ್ನಡಿಯಂತೆ ಕಾಣುವ ಸ್ಟೀಲ್ ವಾಪಸು ಕೊಡುವುದು ನೂರಕ್ಕೆ ಅರವತ್ತರ ಆಸುಪಾಸು. ಮೂರು ಬಡಿತಕ್ಕೆ ಐದನೇ ಒಂದು ಭಾಗ ಉಳಿಯುತ್ತದೆ, ಹತ್ತು ಬಡಿತಕ್ಕೆ ನೂರರಲ್ಲಿ ಒಂದೂ ಉಳಿಯುವುದಿಲ್ಲ. ನೂರಕ್ಕೆ ತೊಂಬತ್ತೈದು ಕೊಡುವ ಹಾಳೆಯಾದರೆ ಹತ್ತು ಬಡಿತಕ್ಕೆ ಅರವತ್ತು ಉಳಿಯುತ್ತದೆ, ತೊಂಬತ್ತೆಂಟು ಕೊಡುವ ಹಾಳೆಯಾದರೆ ಸುಮಾರು ಎಂಬತ್ತೆರಡು. ಆ ಮೂರು ಅಂಕಿಯ ವ್ಯತ್ಯಾಸಕ್ಕೇ ಹಣ ಕೊಡಬೇಕು. ಮಿಕ್ಕ ಯಾವುದರಲ್ಲಿ ಉಳಿತಾಯ ಮಾಡಿದರೂ ಹಾಳೆಯಲ್ಲಿ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಥ ಹಾಳೆ ಲೈಟ್ ಫಿಟ್ಟಿಂಗ್ ತಯಾರಿಸುವವರ ಬಳಿ ಇರುತ್ತದೆ. ರಿಫ್ಲೆಕ್ಟರಿಗೆ ಬಳಸುವ, ಮೇಲೆ ಬೆಳ್ಳಿಯ ಲೇಪವಿರುವ ಆನೋಡೈಸ್ಡ್ ಅಲ್ಯೂಮಿನಿಯಂ. ದಪ್ಪ ಅರ್ಧ ಮಿಲಿಮೀಟರ್ ಒಳಗೆ. ಆಮದು ಮಾಡುವವರು ಸುರುಳಿಗಟ್ಟಲೆ ಕೊಡುತ್ತಾರೆಯೇ ಹೊರತು ಒಂದೆರಡು ಹಾಳೆ ಕೊಡುವುದಿಲ್ಲ. ಹಾಗಾಗಿ ಪೀಣ್ಯದ ಕಡೆಯ ಸಣ್ಣ ತಯಾರಕರಲ್ಲಿ ವಿಚಾರಿಸುತ್ತ ಹೋಗಬೇಕು. ಯಾರಲ್ಲಿ ಕೊಂಡೆ, ಏನೆಂದು ಕೇಳಿದರೆ ಸರಿಯಾದ ದರ್ಜೆಯದು ಸಿಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಈಗ ನನ್ನ ಹೊಟ್ಟೆಪಾಡಿನ ಭಾಗವಾಗಿದೆ. ಎರಡು ಹಾಳೆಗೆ ಸಾಗಾಣಿಕೆ ಸೇರಿ ಹದಿನೇಳೋ ಹದಿನೆಂಟೋ ಸಾವಿರವಾದ ನೆನಪು.

ವ್ಯಾಸ ಹದಿನೈದು ಅಂಗುಲವೇ ಏಕೆ ಎಂದು ಕೇಳುವವರಿದ್ದಾರೆ. ಹಾಳೆಯ ಅಗಲ 1250 ಮಿಲಿಮೀಟರ್. ಹದಿನೈದು ಅಂಗುಲದ ಕೊಳವೆಯ ಸುತ್ತಳತೆ 1197, ಉಳಿದ ಐದು ಸೆಂಟಿಮೀಟರ್ ಒಂದರ ಮೇಲೊಂದು ಹತ್ತಿಸುವುದಕ್ಕೆ. ಒಂದಿಂಚೂ ಕತ್ತರಿಸಿ ಎಸೆಯಬೇಕಾಗಿಲ್ಲ. ಎರಡೂವರೆ ಮೀಟರ್ ಉದ್ದದ ಎರಡು ಹಾಳೆಯಲ್ಲಿ ನನ್ನ ಕೊಳವೆ ಮುಗಿದು ಮೂರಡಿಯಷ್ಟು ಉಳಿಯಿತು. ಆ ತುಂಡು ಮೆಟ್ಟಿಲಿನ ಮೇಲಿನ ಚಾವಣಿಗೆ ಹೋಯಿತು.

ಡಕ್ಟಿಂಗ್ ಕೆಲಸದವರ ಕೈ ತಾನಾಗಿ ತಗಡಿನ ಅಂಚು ಮಡಿಚಿ ಲಾಕ್ ಹೊಡೆಯಲು ಹೋಗುತ್ತದೆ, ಇಲ್ಲಿ ಅದನ್ನು ತಡೆಯಬೇಕು. ಲಾಕ್ ಮಡಿಚಿದಲ್ಲಿ ಲೇಪ ಸೀಳುತ್ತದೆ, ರಿವೆಟ್ ಹೊಡೆದಲ್ಲಿ ಗುಳಿ ಬೀಳುತ್ತದೆ. ನಾನು ಹೊರಗೆ 24 ಗೇಜಿನ ಜಿಐ (ಸತು ಲೇಪಿಸಿದ ತಗಡು) ಡಕ್ಟ್ ಮಾಡಿ, ಅದರೊಳಗೆ ಈ ಹಾಳೆಯನ್ನು ಸುತ್ತಿ ಬಿಟ್ಟೆ; ಬಲವೆಲ್ಲ ಹೊರಗಿನದು, ಹೊಳಪೆಲ್ಲ ಒಳಗಿನದು. ನಡುವಿನ ಒಂದಿಂಚು ಸಂದಿಗೆ ರಾಕ್‌ವೂಲ್ (ಕಲ್ಲಿನ ನಾರು) ತುಂಬಿದ್ದರಿಂದ ಶಾಖವೂ ಮಳೆಯ ಸದ್ದೂ ಕಡಿಮೆಯಾದವು. ಎರಡು ತುಂಡು ಸೇರುವಲ್ಲಿ ಮೇಲಿನದು ಕೆಳಗಿನದರ ಒಳಗೆ ಕೂರಬೇಕು. ತಿರುಗಾಮುರುಗಾ ಆದರೆ ಕೆಳಗಿನ ಹಾಳೆಯ ಅಂಚು ಬರುವ ಬೆಳಕಿಗೆ ಎದುರಾಗಿ ನಿಲ್ಲುತ್ತದೆ. ಹಾಳೆಯ ಮೇಲಿನ ರಕ್ಷಣೆಯ ಫಿಲ್ಮನ್ನು ಎಲ್ಲ ಕೂತಾದ ಮೇಲೆಯೇ ಎಳೆಯಬೇಕು, ಬೆರಳಚ್ಚು ಬಿದ್ದರೆ ಹೋಗುವುದಿಲ್ಲ. ಎಳೆಯುವಾಗ ಹುಟ್ಟುವ ವಿದ್ಯುದಾವೇಶಕ್ಕೆ ಸುತ್ತಲಿನ ಧೂಳೆಲ್ಲ ಬಂದು ಅಂಟುವುದನ್ನು ತಪ್ಪಿಸುವ ಒಂದು ಕ್ರಮ ನನ್ನಲ್ಲಿದೆ. ಅದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೋಲ್ಡ್ ಕೊರೆಯುವ ವಿಷಯಕ್ಕೆ ಬರುತ್ತೇನೆ. ಐದಿಂಚಿನ ಮೋಲ್ಡ್, ಆರಿಂಚಿಗೊಂದು ಕಂಬಿ. ಹದಿನೈದು ಅಂಗುಲದ ಕೊಳವೆ, ಅದರ ಹೊರಕವಚ ಎಲ್ಲ ಹಿಡಿಯುವ ರಂಧ್ರಕ್ಕೆ ಎರಡೂ ದಿಕ್ಕಿನಲ್ಲಿ ಮೂರು ಕಂಬಿಗಳಾದರೂ ತುಂಡಾಗುತ್ತವೆ. ಬೀಮಿನ ಹತ್ತಿರವೂ ಬೇಡ, ಬೀಮುಗಳ ನಡುವಿನ ಪ್ಯಾನೆಲಿನ ನಟ್ಟನಡುವೆಯೂ ಬೇಡ. ನಕ್ಷೆ ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ ಜಾಗದಲ್ಲಿ ಮಾತ್ರ ನಾನು ಕೊರೆಸಿದೆ, ಇದರಲ್ಲಿ ರಾಜಿ ಬೇಡ. ಅಷ್ಟು ದೊಡ್ಡ ಕೊರೆಯುವ ಬಿಟ್ ಸುಲಭಕ್ಕೆ ಸಿಗುವುದಿಲ್ಲವಾದ್ದರಿಂದ ವೃತ್ತ ಬರೆದು, ಅದರ ಗುಂಟ ನಾಲ್ಕಿಂಚಿನ ಕೋರ್‌ಗಳನ್ನು (ದುಂಡನೆಯ ತೂತು) ಒಂದಕ್ಕೊಂದು ತಾಗಿಸಿ ಕೊರೆಸಿ, ನಡುವಿನ ಬಿಲ್ಲೆಯನ್ನು ಕೆಳಗಿನಿಂದ ಆಧಾರ ಕೊಟ್ಟು ಇಳಿಸಿದೆವು. ಬ್ರೇಕರ್ ಮೆಷಿನ್ ಹಚ್ಚಲು ಬಿಡಲಿಲ್ಲ. ಅದರ ಅದುರಾಟಕ್ಕೆ ಕೆಳಗಿನ ಗಾರೆ ಬಿರಿಯುತ್ತದೆ. ತುಂಡಾದ ಕಂಬಿಗಳ ತುದಿಯನ್ನು ಒಳಕ್ಕೆ ಕತ್ತರಿಸಿ ಎಪಾಕ್ಸಿ ಬಳಿದು ಮುಚ್ಚಿ, ಎಂಜಿನಿಯರ್ ಹೇಳಿದಂತೆ ರಂಧ್ರದ ಸುತ್ತ ಕೆಳಗಿನಿಂದ ಕಬ್ಬಿಣದ ಆಂಗಲ್ ಚೌಕಟ್ಟು ಬೋಲ್ಟ್ ಮಾಡಲಾಯಿತು. ಎರಡು ಮೋಲ್ಡಿಗೂ ಸೇರಿ ಏಳು ಸಾವಿರದ ಹತ್ತಿರ, ಚೌಕಟ್ಟು ಬೇರೆ.

ಸೋರುವಿಕೆಗೆ ಮದ್ದು ಕೆಮಿಕಲ್ ಅಲ್ಲ, ಎತ್ತರ. ಟೆರೇಸಿನ ಮೇಲೆ ರಂಧ್ರದ ಸುತ್ತ ಒಂದಡಿ ಎತ್ತರದ ಕಟ್ಟೆ ಕಟ್ಟಿಸಿ, ಟೆರೇಸಿನ ವಾಟರ್‌ಪ್ರೂಫಿಂಗನ್ನು ಕಟ್ಟೆಯ ತುದಿಯವರೆಗೂ ಹತ್ತಿಸಿ, ಅದರ ಮೇಲೆ ಹೊರಚಾಚಿದ ಅಲ್ಯೂಮಿನಿಯಂ ಟೋಪಿ ಕೂರಿಸಿದರೆ ನೀರಿಗೆ ಒಳಬರುವ ದಾರಿಯೇ ಇರುವುದಿಲ್ಲ. ಟೆರೇಸಿನ ಪೈಪ್ ಎಲೆಕಸದಿಂದ ಕಟ್ಟಿ ನೀರು ನಿಂತ ದಿನವೂ ನನ್ನ ಕೊಳವೆ ಒಣಗಿತ್ತು.

ಕೊಳವೆಯ ಮೇಲ್ಬಾಯಿ ಮುಚ್ಚುವ ಪಾರದರ್ಶಕ ಗುಮ್ಮಟಕ್ಕೆ ಮೊದಲು ಅಕ್ರಿಲಿಕ್ ಹಾಕಿದ್ದೆ. ನಮ್ಮ ಏರಿಯಾದ ಕೋತಿಗಳು ಅದರ ಮೇಲೆ ಹಾರಿದ ದಿನ ಅದು ಸೀಳಿತು. ಬಳಿಕ ಪಾಲಿಕಾರ್ಬೊನೇಟ್‌ಗೆ ಹೋದೆ. ಅಂಗಡಿಗಳ ಬೋರ್ಡ್ ಮಾಡುವವರು ಕಾಯಿಸಿ ಊದಿಕೊಟ್ಟದ್ದರಲ್ಲಿ ಮೈತುಂಬ ಗುಳ್ಳೆ. ಹಾಳೆ ಗಾಳಿಯ ತೇವ ಹೀರಿಕೊಂಡಿರುತ್ತದೆ. ಊದುವ ಮೊದಲು 120 ಡಿಗ್ರಿಯ ಒಲೆಯಲ್ಲಿ ಗಂಟೆಗಟ್ಟಲೆ ಒಣಗಿಸಲೇಬೇಕು. ಒಣಗಿಸಿ ಊದಿಸಿದ್ದು ಗಾಜಿನಂತೆ ತಿಳಿಯಾಗಿ ಬಂತು. ಯುವಿ ಲೇಪದ ಮುಖ ಮೇಲಕ್ಕಿರಬೇಕು, ವಿನೆಗರ್ ವಾಸನೆಯ ಸಿಲಿಕಾನ್ ಮುಟ್ಟಿಸಬಾರದು, ಥಿನ್ನರಿನಿಂದ ಒರೆಸಬಾರದು. ಕೋತಿಗಳು ಈಗಲೂ ಅದರ ಮೇಲೆ ಕೂರುತ್ತವೆ, ಏನೂ ಆಗಿಲ್ಲ.

ಎಲ್ಲರೂ ಕೇಳದೆ ಬಿಡುವ, ಆದರೆ ಎಲ್ಲರಿಗೂ ಕಾಡುವ ತೊಂದರೆ ಇಬ್ಬನಿ. ಡಿಸೆಂಬರ್ ಬೆಳಗಿನ ಚಳಿಗೆ, ಅಡುಗೆಮನೆಯ ಹಬೆ ಕೊಳವೆಯಲ್ಲಿ ಮೇಲೇರಿ ಗುಮ್ಮಟದ ಒಳಮೈಯಲ್ಲಿ ಹನಿಯಾಗಿ, ಮತ್ತೆ ಕೆಳಬಾಯಿಯ ಡಿಫ್ಯೂಸರ್ (ಬೆಳಕು ಹರಡುವ ಹಾಳೆ) ಮೇಲೆ ಬಿದ್ದು ಕಲೆ ಮಾಡುತ್ತದೆ. ನೋಡಿದವರು ಸೋರುತ್ತಿದೆ ಎಂದೇ ಹೇಳುತ್ತಾರೆ. ಕೆಳಬಾಯಿಗೆ ರಬ್ಬರ್ ಗ್ಯಾಸ್ಕೆಟ್ ಸಮೇತ ಎರಡು ಪದರದ ಡಿಫ್ಯೂಸರ್ ಹಾಕಿ ಬಿಗಿದು, ಮೇಲೆ ಟೋಪಿಯ ಅಡಿಯಲ್ಲಿ ಸಣ್ಣ ಉಸಿರುರಂಧ್ರಗಳನ್ನು ಬಿಟ್ಟು ಇರುವೆ, ಹಲ್ಲಿ ನುಗ್ಗದಂತೆ ಜಾಲರಿ ಹೊದಿಸಿದ ಮೇಲೆ ಅದು ನಿಂತಿದೆ. ಡಿಫ್ಯೂಸರ್ ಹಾಲುಬಿಳಿಯದು ಬೇಡ, ಅದು ಬೆಳಕನ್ನು ಬಹಳ ನುಂಗುತ್ತದೆ. ಟ್ಯೂಬ್‌ಲೈಟಿನ ಹಳೆಯ ಫಿಟ್ಟಿಂಗುಗಳಲ್ಲಿ ಇರುತ್ತಿದ್ದ ಹರಳು ಹರಳಾದ ಅಕ್ರಿಲಿಕ್ ಹಾಳೆಯೇ ಒಳ್ಳೆಯದು.

ಗುಮ್ಮಟದೊಳಗೆ ಒಂದು ಬಾಗಿದ ಕನ್ನಡಿ ಇಟ್ಟು ತಗ್ಗಿನ ಬಿಸಿಲನ್ನೂ ಕೆಳಗಿಳಿಸುವ ಉಪಾಯ ಹೊರದೇಶದ ಕಿಟ್‌ಗಳಲ್ಲಿದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಈ ಬೆಳಕಿನ ಕೊಳವೆ ಬೇರೆ ದೇಶಗಳಿಗೂ ಹರಡಿದ್ದು, ಅಲ್ಲಿನ ಸೂಚನೆಯಂತೆ ಉತ್ತರ ಗೋಳಾರ್ಧದವರು ಕನ್ನಡಿಯನ್ನು ಉತ್ತರದ ಬದಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಇಡಬೇಕು. ನಮ್ಮ ಊರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನವೂ ಸೂರ್ಯ 53 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಏಪ್ರಿಲ್ 24ರ ಸುಮಾರಿಗೆ ನೆತ್ತಿಗೆ ಬಂದವನು ಆಗಸ್ಟ್ 18ರ ಸುಮಾರಿನವರೆಗೂ ಮಧ್ಯಾಹ್ನದ ಹೊತ್ತು ಉತ್ತರಕ್ಕೇ ಇರುತ್ತಾನೆ. ಅಂದರೆ ಆ ಕನ್ನಡಿ ಬೇಕಿಲ್ಲದಾಗ ಕೆಲಸ ಮಾಡಿ, ಬೇಸಿಗೆಯಲ್ಲಿ ಅಡ್ಡ ನಿಲ್ಲುತ್ತದೆ. ನಮಗೆ ತಗ್ಗಿನ ಬಿಸಿಲು ಎಂದರೆ ಬೆಳಗಿನ ಪೂರ್ವ, ಸಂಜೆಯ ಪಶ್ಚಿಮ. ಮನೆಯ ಕೆಲಸವೆಲ್ಲ ಬೆಳಗ್ಗೆ ನಡೆಯುವುದರಿಂದ ನಾನು ಕನ್ನಡಿಯನ್ನು ಪಶ್ಚಿಮದ ಬದಿಗೆ ಸರಿಸಿ ಪೂರ್ವಕ್ಕೆ ಮುಖ ಮಾಡಿಸಿದೆ. ಬೆಳಕು ಬೆಳಗ್ಗೆ ಮುಕ್ಕಾಲು ಗಂಟೆ ಮೊದಲೇ ಬರತೊಡಗಿತು, ಸಂಜೆ ಅಷ್ಟೇ ಬೇಗ ಮಂಕಾಯಿತು. ಈ ಬದಲಾವಣೆ ನನ್ನದೇ ಎಂದು ಹೇಳಿಕೊಳ್ಳಲು ಸಂತೋಷವಿದೆ.

ಇದೇ ಸಮಯದಲ್ಲಿ ನನ್ನ ವರ್ಕ್‌ಶಾಪಿನ ತಗಡಿನ ಶೆಡ್ಡಿಗೆ ನೀರಿನ ಬಾಟಲಿಯ ದೀಪವನ್ನೂ ಹಾಕಿ ನೋಡಿದೆ. ಬ್ರೆಜಿಲ್‌ನ ಆಲ್ಫ್ರೆಡೊ ಮೋಸರ್ ಎಂಬ ಮೆಕ್ಯಾನಿಕ್ 2002ರಲ್ಲಿ ಕಂಡುಕೊಂಡ ವಿಧಾನ: ಎರಡು ಲೀಟರ್ ಬಾಟಲಿಗೆ ನೀರು, ಪಾಚಿ ಕಟ್ಟದಂತೆ ಸ್ವಲ್ಪ ಬ್ಲೀಚ್, ಅರ್ಧ ತಗಡಿನ ಮೇಲೆ, ಅರ್ಧ ಕೆಳಗೆ. ನೂರು ರೂಪಾಯಿಯೊಳಗೆ ಕತ್ತರಿ ಮೆಷಿನ್ ಮೇಲೆ ಗೆರೆ ಕಾಣುವಷ್ಟು ಬೆಳಕು ಬರುತ್ತದೆ. ತೆಳ್ಳನೆಯ ಚಾವಣಿಗೆ ಇದನ್ನು ಮೀರಿಸುವುದು ಮತ್ತೊಂದಿಲ್ಲ. ಐದಿಂಚಿನ ಮೋಲ್ಡಿಗೆ ಇದು ಆಗದು, ಬಾಟಲಿಯ ಬಹುಭಾಗ ಕಾಂಕ್ರೀಟಿನಲ್ಲೇ ಹುದುಗಿಹೋಗುತ್ತದೆ.

ಈಗ ಫಲಿತಾಂಶ. ಬಿಸಿಲಿರುವ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಊಟದ ಮೇಜಿನ ಮೇಲೆ ಬೆಳಕು ಅಳೆಯುವ ಲಕ್ಸ್ ಮೀಟರ್ 350ರ ಆಸುಪಾಸು ತೋರಿಸುತ್ತದೆ, ಹಾಲಿನ ಮೂಲೆಗಳಲ್ಲಿ 150. ನನ್ನ ಲೆಕ್ಕದಲ್ಲಿ ಇದು 9 ವಾಟಿನ ಐದು ಎಲ್‌ಇಡಿ ಬಲ್ಬುಗಳ ಬೆಳಕು. ಜುಲೈ ಮೋಡದಲ್ಲಿ ಒಂದು ಬಲ್ಬಿನಷ್ಟಕ್ಕೆ ಇಳಿಯುತ್ತದೆ. ಓಡಾಡಲು ಸಾಕು, ಓದಲು ಸಾಲದು. ಮೊದಲು ಮೆಟ್ಟಿಲಿನ ಮೇಲಿದ್ದ ಎರಡಡಿ ಚೌಕದ ಗಾಜು ಬೇಸಿಗೆಯಲ್ಲಿ ಇಡೀ ಮಹಡಿಯನ್ನು ಕಾಯಿಸುತ್ತಿತ್ತು. ಕೊಳವೆಯ ಕೆಳಗೆ ಕೈ ಹಿಡಿದರೆ ಬಿಸಿ ತಿಳಿಯುವುದಿಲ್ಲ.

ಹಣದ ಬಗ್ಗೆ ನೇರವಾಗಿ ಹೇಳುತ್ತೇನೆ. ಕೆಟ್ಟ ಪ್ರಯೋಗಗಳ ಇಪ್ಪತ್ತು ಸಾವಿರ ಬಿಟ್ಟು, ಅಂತಿಮವಾಗಿ ಕೂತ ಕೊಳವೆಗೆ ನನ್ನ ಕೂಲಿ ಹೊರತುಪಡಿಸಿ ನಲವತ್ತೆರಡು–ನಲವತ್ತಮೂರು ಸಾವಿರವಾಯಿತು. ಮೇಲಿನ ಮಹಡಿಯಲ್ಲಿ ಕೊಳವೆ ಹಾದುಹೋಗುವ ವಾರ್ಡ್‌ರೋಬಿನ ಮೂಲೆಯನ್ನು ಜಿಪ್ಸಮ್ ಬೋರ್ಡಿನಿಂದ ಮುಚ್ಚಿಸಿದ್ದೂ ಇದರಲ್ಲಿ ಸೇರಿದೆ. ಕರೆಂಟ್ ಬಿಲ್ಲಿನಲ್ಲಿ ಇದು ವಾಪಸು ಬರುತ್ತದೆ ಎಂದು ಗಿರಾಕಿಗೆ ಯಾರೂ ಹೇಳಬೇಡಿ. ಎರಡು ಬಲ್ಬು ದಿನಕ್ಕೆ ಹತ್ತು ಗಂಟೆ ಉರಿದರೂ ವರ್ಷಕ್ಕೆ ಎಪ್ಪತ್ತು ಯೂನಿಟ್, ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಐನೂರು ರೂಪಾಯಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅನೇಕ ಮನೆಗಳಿಗೆ ಅದೂ ಇಲ್ಲ. ಹಗಲನ್ನು ಹಗಲಾಗಿ ಕಾಣಬೇಕೆನ್ನುವವರು ಮಾತ್ರ ಇದಕ್ಕೆ ಹಣ ಹಾಕಬೇಕು, ಅಂಥವರು ಹಾಕುತ್ತಾರೆ ಕೂಡ.

ಮಲಗುವ ಕೋಣೆಗೆ ಕೇಳಿದವರಿಗೆ, ಬೇಡವಾದಾಗ ಬೆಳಕು ಮುಚ್ಚಲು ನಮ್ಮ ಡಕ್ಟಿನ ಚಿಟ್ಟೆ ಡ್ಯಾಂಪರನ್ನೇ (ತಿರುಗಿ ದಾರಿ ಮುಚ್ಚುವ ಬಿಲ್ಲೆ) ಕೊಳವೆಯೊಳಗೆ ಕೂರಿಸಿ, ಹಗ್ಗದ ಬದಲು ಸಣ್ಣ ಮೋಟಾರ್ ಇಟ್ಟು ಕೊಟ್ಟಿದ್ದೇನೆ. ಎರಡೂವರೆ ಸಾವಿರದಷ್ಟು ಹೆಚ್ಚುವರಿ. ಹೊಸ ಮನೆ ಕಟ್ಟುವವರಿಗಾದರೆ ಇಷ್ಟೆಲ್ಲ ಕೊರೆತ ಬೇಕಿಲ್ಲ. ಸೆಂಟ್ರಿಂಗ್ (ಮೋಲ್ಡ್ ಹಾಕುವ ಅಚ್ಚು) ಆದಾಗ ಎಂಜಿನಿಯರ್ ಗುರುತಿಸಿದ ಜಾಗದಲ್ಲಿ ಹದಿನೆಂಟು ಅಂಗುಲದ ತಗಡಿನ ಸುರುಳಿ ನಿಲ್ಲಿಸಿ, ಸುತ್ತ ಓರೆಯಾಗಿ ಹೆಚ್ಚುವರಿ ಕಂಬಿ ಕಟ್ಟಿಸಿ ಮೋಲ್ಡ್ ಹಾಕಿಸಿದರೆ ಸಾವಿರ–ಸಾವಿರದೈನೂರರಲ್ಲಿ ರಂಧ್ರ ಸಿದ್ಧ. ಕೊಳವೆಗೆ ಹಣ ಹೊಂದುವವರೆಗೆ ಮೇಲೊಂದು ಕಡಪಾ ಕಲ್ಲು ಮುಚ್ಚಿ ಗಾರೆ ಹಾಕಿಡಬಹುದು.